ಖುರ್ಪಿ ಕೇಳಿದವರಿಗೆ ಖುರ್ಚಿ

ಕಮಲಾಪುರದ ಸಮುದಾಯ ತೋಟದಲ್ಲಿ ನಡೆಯುವ ಬೇಸಿಗೆ ಶ್ರಮದಾನ ಶಿಬಿರಕ್ಕೆ ದುಡಿಯಲೆಂದೇ ಹೋದ ನನ್ನನ್ನು ಸಂಘಟಕರು ದುಡಿಯಲು ಬಿಡಲಿಲ್ಲ. ಕಳೆ ತೆಗೆಯಲು ಒಂದು ಖುರ್ಪಿ ಕೊಡಿ ಎಂದು ಕೇಳಿದೆ. ಜೀವಮಾನವಿಡೀ ಕನ್ನಡ ಪಾಠ ಹೇಳಿದವನ ಉಚ್ಚಾರಣೆಯಲ್ಲಿ ದೋಷವಿರಲು ಸಾಧ್ಯವಿಲ್ಲ. ಆದರೂ ಸಂಚಾಲಕ ಓಡಿಹೋಗಿ ಖುರ್ಚಿ ತಂದು ಬೇವಿನ ನೆರಳಿಗೆ ಹಾಕಿದ. ಖುರ್ಚಿಯಲ್ಲ, ಖುರ್ಪಿ ಎಂದು ತಿದ್ದಿದೆ. ಅವನು ಕೈಮುಗಿದು, "ನೀವು ಹಿರೇರು ಸರ, ಸುಮ್ನ ಕುಂದರ್ರಿ," ಎಂದ. ತಪ್ಪಾಗಿ ಕೇಳಿಸಿಕೊಂಡದ್ದನ್ನು ಕ್ಷಮಿಸಬಹುದಿತ್ತು. ಸರಿಯಾಗಿ ಕೇಳಿಸಿಕೊಂಡ ಮೇಲೂ ಖುರ್ಚಿಯನ್ನೇ ಉಳಿಸಿದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಪಕ್ಕದ ಖುರ್ಚಿಯಲ್ಲಿ ಆಗಲೇ ಒಬ್ಬರನ್ನು ಕೂರಿಸಿದ್ದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಪ್ಲಾಸ್ಟಿಕ್ ಖುರ್ಚಿಯ ಎರಡೂ ಕೈಗಳಾಚೆ ತುಳುಕುವ ದೇಹ. ನಕ್ಕರೆ ಮೊದಲು ಹೊಟ್ಟೆ ನಗುತ್ತಿತ್ತು, ಆಮೇಲೆ ಗದ್ದ, ಎಲ್ಲಕ್ಕಿಂತ ಕೊನೆಗೆ ಬಾಯಿ. ಕಲಬುರಗಿಯ ಪೇಟೆ ನೆಹರು ಗಂಜಿನ ಬೇಳೆ ಅಂಗಡಿಯ ಸಾಹುಕಾರರು. ನಾನು ಮಾತನಾಡಿಸಲಿಲ್ಲ. ಹಿಂದೊಮ್ಮೆ ಅವರ ತೊಗರಿ ಬೇಳೆಯಲ್ಲಿ ಸಿಕ್ಕ ಹರಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಅವರ ಮುಂದಿಟ್ಟಾಗ, ಗಿರಾಕಿಗಳೆಲ್ಲರೆದುರು ಅವರು ಕೇಳಿದ್ದರು: "ಮಾಸ್ತರ್ರ, ಹರಳು ಬಂಗಾರದ್ದಿದ್ರ ತಿರುಗಿ ತರ್ತಿದ್ರೇನು?" ಅಂದಿನಿಂದ ಗಂಜಿನಲ್ಲಿ ಆ ಅಂಗಡಿಯ ಮುಂದೆ ನಾನು ನಡೆದಿರಲಿಲ್ಲ.

ಆದರೆ ಶಿಬಿರದ ದಿನ ನನ್ನ ಸಂಕಟ ಹರಳಿನದಲ್ಲ. ನಿವೃತ್ತನಾದ ಮೇಲೆ ಮದುವೆಗೆ ಹೋದರೆ ಮುಂದಿನ ಸಾಲು, ಸಭೆಗೆ ಹೋದರೆ ಶಾಲು. ಇದನ್ನು ಎತ್ತಿಡಿ, ಅದನ್ನು ಹಿಡಿಯಿರಿ ಎಂದು ಹೇಳುವವರು ಒಬ್ಬರೂ ಇರಲಿಲ್ಲ. ನನ್ನ ಕೈಗಳಿನ್ನೂ ಕೆಲಸಕ್ಕೆ ಬರುತ್ತವೆಂದು ತೋರಿಸಲು ಉಳಿದಿದ್ದ ಒಂದೇ ಜಾಗ ಆ ತೋಟ. ಅಲ್ಲಿಯೂ ನೆರಳು ಸಿಕ್ಕಿತು.

ತೋಟದ ಕೆಂಪು ಬಾಳೆಗೆ ಬೆಳಿಗ್ಗೆಯಷ್ಟೇ ನೀರು ಬಿಟ್ಟಿದ್ದರಿಂದ ಮಣ್ಣು ಮೆತ್ತಗಾಗಿತ್ತು. ಸಾಹುಕಾರರ ಖುರ್ಚಿಯ ಹಿಂಗಾಲುಗಳು ಮೆಲ್ಲಗೆ ಇಳಿಯತೊಡಗಿದವು. ನಾನು ನೋಡಿದೆ, ಹೇಳಲಿಲ್ಲ. ಕೊನೆಗೊಮ್ಮೆ ಖುರ್ಚಿ ಹಿಂದಕ್ಕೆ ವಾಲಿ, ಅವರು ಪಕ್ಕಕ್ಕೆ ಜಾರಿ, ಬಾಳೆಯ ಸಾಲಿನ ತಲೆಯಲ್ಲಿ ದೊಪ್ಪೆಂದು ಕುಳಿತರು. ಶಿಬಿರಾರ್ಥಿಗಳೆಲ್ಲ ಎಬ್ಬಿಸಲು ಧಾವಿಸಿ ಬಂದರು.

"ಅರೆ, ಎಬ್ಬಸಬ್ಯಾಡ್ರೋ!" ಎಂದು ಸಾಹುಕಾರರು ಕೈ ಬೀಸಿದರು. "ಕುಂದರ್ರಿ ಅಂದ್ರಿ, ಕುಂತೀನಿ. ಎಲ್ಲಿ ಕುಂದರಬೇಕಂತ ಹೇಳಿದ್ರೇನು?"

ಪಕ್ಕದಲ್ಲಿದ್ದ ಉಪಕರಣಗಳ ಬುಟ್ಟಿಯಿಂದ ಎರಡು ಖುರ್ಪಿ ಎಳೆದುಕೊಂಡು ನನ್ನತ್ತ ತಿರುಗಿದರು. "ಬರ್ರಿ ಮಾಸ್ತರ್ರ. ಹುಟ್ಟಿದಾಗಿಂದ ಅಂಗಡಿ ಗಾದಿ ಮ್ಯಾಲ ಕುಂತಾಂವ ನಾ. ಕುಂದ್ರೂದು ನನ್ನ ಧಂದಾನೇ ಅದ. ನಿಮಗೂ ಕಲಸ್ತೀನಿ."

ಸಂಚಾಲಕನ ಮುಖ ಸಣ್ಣದಾಯಿತು. "ಸಾವ್ಕಾರ್ರ, ನೋಡಿದವರು ಏನಂತಾರ್ರೀ?"

"ಹಿರೇರು ಸುಮ್ನ ಕುಂತಾರ ಅಂತಾರ. ಬರಾಬರ್ ಅದಲ್ಲ?"

ಹೊಟ್ಟೆ ನಕ್ಕಿತು, ಗದ್ದ ನಕ್ಕಿತು. ನಾನು ಖುರ್ಚಿ ಬಿಟ್ಟೆದ್ದೆ. ಕೆಳಗೆ ಗೋಣಿಚೀಲದ ಮಡಿಕೆ ಹಾಕಿಕೊಂಡು, ಕುಳಿತಲ್ಲಿಂದಲೇ ಮುಂದಕ್ಕೆ ಸರಿಯುತ್ತ, ಬಿಸಿಲೇರುವ ಮೊದಲು ಇಬ್ಬರೂ ಒಂದು ಸಾಲು ಮುಗಿಸಿದೆವು.

ಕೆಲಸದಲ್ಲಿ ಅವರು ಪ್ರವೀಣರಾಗಿದ್ದರೆಂದು ನಾನು ಸುಳ್ಳು ಬರೆಯಲಾರೆ. ಬಾಳೆಯ ನಡುವೆ ಬಿತ್ತಿದ್ದ ಹೆಸರಿನ ಗಿಡಗಳನ್ನು ಕಳೆಯೆಂದು ತಿಳಿದು ಹಿಡಿ ಹಿಡಿಯಾಗಿ ಕಿತ್ತು ಹಾಕಿದರು. ಎಷ್ಟೋ ವರ್ಷ ಕಾದಿದ್ದ ಅವಕಾಶ ಒದಗಿತ್ತು.

"ಸಾವ್ಕಾರ್ರ, ಜನ್ಮೆಲ್ಲ ಹೆಸರು ಮಾರೀರಿ, ಹೆಸರಿನ ಗಿಡ ಗೊತ್ತಾಗಲಿಲ್ಲ?"

ಅವರು ಗಿಡವನ್ನು ಹಿಂದುಮುಂದು ತಿರುಗಿಸಿ ನೋಡಿದರು. "ಚೀಲದಾಗ ಬಂದಿದ್ರ ಗುರ್ತು ಹಿಡೀತಿದ್ದೆ, ಮಾಸ್ತರ್ರ. ಹಿಂಗ ಹಸರ ಅಂಗಿ ಅರಬಿ ಹಾಕ್ಕೊಂಡು ಬಂದ್ರ ಹ್ಯಾಂಗ ಗೊತ್ತಾಗಬೇಕು?"

ನಾನು ನಕ್ಕೆ. ಆ ನಗೆಯಿಂದ ಹರಳಿನ ಲೆಕ್ಕ ಚುಕ್ತಾ ಆಯಿತೆಂದು ಅವರು ಭಾವಿಸಿದರು. ಆಗಿರಲಿಲ್ಲ, ಆದರೆ ಅದನ್ನು ಅವರಿಗೆ ಹೇಳುವ ಅಗತ್ಯ ನನಗೆ ಮತ್ತೆಂದೂ ಕಾಣಲಿಲ್ಲ.

ಮುಂದಿನ ಬೇಸಿಗೆಗಳಲ್ಲಿ ನಾವಿಬ್ಬರೂ ಕಲಬುರಗಿಯಿಂದ ಒಂದೇ ಬಸ್ಸಿನಲ್ಲಿ ಹೋದೆವು. ಅವರು ಮೊದಲೇ ಹತ್ತಿ ನನಗೆ ಜಾಗ ಹಿಡಿದಿರುತ್ತಿದ್ದರು. ಅವರು ಹಿಡಿದ ಜಾಗದಲ್ಲಿ ಅವರೇ ಮುಕ್ಕಾಲು ಪಾಲು ಇರುತ್ತಿದ್ದರೆಂಬುದು ಬೇರೆ ಮಾತು. ನಡುದಾರಿಯ ಮಹಾಗಾಂವ ದಾಟುವವರೆಗೆ ಮೊಣಕಾಲು ನೋವಿನ ಮಾತು, ದಾಟಿದ ಮೇಲೆ ಅದರ ಸುದ್ದಿ ಎತ್ತಕೂಡದೆಂಬುದು ಅವರ ಕಾನೂನು. "ತ್ವಾಟದಾಗ ಹೋಗಿ ನರಳಿದ್ರ ಮತ್ತ ಖುರ್ಚಿ ತರ್ತಾರ, ಹುಷಾರ್!" ಎಂದು ಎಚ್ಚರಿಸುತ್ತಿದ್ದರು. ಸಂಜೆ ಉಗುರಿನ ಸಂದಿನ ಮಣ್ಣನ್ನು ಪೂರ್ತಿ ತೊಳೆಯುತ್ತಿರಲಿಲ್ಲ. ಗಂಜಿನವರಿಗೆ ತೋರಿಸಬೇಕಿತ್ತು. ಅವರನ್ನು ನೋಡಿ ನಾನೂ ತೊಳೆಯುವುದನ್ನು ಬಿಟ್ಟೆ. ಮನೆಯಲ್ಲಿ ಬೈಸಿಕೊಂಡಾಗ ಬಹಳ ಸಂತೋಷವಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಸಾಹುಕಾರರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಅಂಗಡಿಯ ಗಾದಿಯ ಮೇಲೆ ಗೋಡೆಗೆ ಒರಗಿದವರು ಏಳಲಿಲ್ಲ. ತೋಟದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಸಂಚಾಲಕ, "ಅವರು ತಮ್ಮ ಸಾನ್ನಿಧ್ಯದಿಂದ ನಮ್ಮ ಶಿಬಿರವನ್ನು ಹರಸಿದರು," ಎಂದ. ಈ ಬೇಸಿಗೆ ನಾನು ಶಿಬಿರಕ್ಕೆ ಹೆಸರು ಕೊಡಲು ಫೋನ್ ಮಾಡಿದಾಗ, "ನಿಮ್ಮ ಆಶೀರ್ವಾದ ಒಂದಿದ್ರ ಸಾಕು ಸರ, ನೀವ್ಯಾಕ ಬಿಸಿಲಾಗ ಬರ್ತೀರಿ?" ಎಂದೂ ಅವನೇ ಹೇಳಿದ.

ಕೈಕಟ್ಟಿ ಕೂತು ಮುದುಕನಾಗಲಿದ್ದ ನನ್ನನ್ನು ಮಣ್ಣಿನಲ್ಲಿ ಕೂರಿಸಿ ಕೆಲಸಕ್ಕೆ ಹಚ್ಚಿದವರು ಸಾಹುಕಾರರು. ಆ ಋಣ ನನ್ನದು, ಹೊತ್ತುಕೊಂಡಿರುತ್ತೇನೆ. ಸಂಘಟಕರಲ್ಲಿ ಕೇಳುವುದು ಒಂದೇ ಪ್ರಶ್ನೆ. ಸಾಹುಕಾರರು ಧೋತರ ಕೊಳೆ ಮಾಡಿಕೊಂಡು ಕಳೆ ಕಿತ್ತ ಸಾಲುಗಳಲ್ಲಿ ಈ ವರ್ಷ ಬಾಳೆ ಗೊನೆ ಬಿಟ್ಟಿದೆಯಂತೆ. ನೀವೆಲ್ಲ ಹಂಚಿಕೊಂಡು ತಿಂದಿರಂತೆ. ಹೇಳಿ, ನೀವು ತಿಂದದ್ದು ಅವರ ಆಶೀರ್ವಾದವನ್ನೋ, ದುಡಿಮೆಯನ್ನೋ?