ಮೂರನೇ ಸ್ಲಾಟಿನ ಕಾರ್ಡು

ಆ ಡ್ರೈವರ್ ತಂತ್ರಾಂಶ ಬರೆದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನ ಮುಖ ನಾನು ನೋಡಿಲ್ಲ. ನೋಡದೇ ಇದ್ದದ್ದು ಅವನ ಪುಣ್ಯ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಶಹಾಬಾದಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಪಕ್ಕದಲ್ಲೇ ಕ್ಲಾಸೂ ನಡೆಸುತ್ತಿದ್ದುದರಿಂದ ಎಲ್ಲರಿಗೂ ನಾನು ಅಕ್ಕೋರು. ವಾಡಿ ಕಡೆಯ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಲಾರಿ ತೂಗುವ ಕಾಟಾಕ್ಕೆ ಕಂಪ್ಯೂಟರ್ ಜೋಡಿಸಿದ್ದರು. ಅಲ್ಲಿನ ಗುಮಾಸ್ತರು ಚಿಮ್ಮನಚೋಡದಿಂದ ಬಂದು ವಾಡಿಯಲ್ಲಿ ಮನೆ ಮಾಡಿದವರು. ಆ ಮನೆ ನಡೆಯುತ್ತಿದ್ದದ್ದೇ ಈ ಒಂದು ಕೆಲಸದಿಂದ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು.

ದಸರೆಯ ಖಂಡೆ ಪೂಜೆಗೆ ನಮ್ಮಲ್ಲಿ ಯಂತ್ರಕ್ಕೆ ಬರೀ ಕುಂಕುಮ ಹಚ್ಚಿ ಕೈ ತೊಳೆದುಕೊಳ್ಳುವುದಿಲ್ಲ. ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಆಮೇಲೆ ಕಾಯಿ ಒಡೆಯುವುದು. ಚಾಚಾ ನಮಾಜು ತಪ್ಪಿಸದ ಮನುಷ್ಯ, ಆದರೆ ಕಾಟಾ ಕೋಣೆಯ ಪೂಜೆಯ ತಯಾರಿಯೆಲ್ಲ ಅವರದೇ. ಆ ವರ್ಷ ಕಂಪ್ಯೂಟರನ್ನೂ ಬಿಚ್ಚಿದರು. ಧೂಳು ಒರೆಸಿ ಸಿಗಿಸುವಾಗ, ಕಾಟಾದ ತೂಕವನ್ನು ಕಂಪ್ಯೂಟರಿಗೆ ಮುಟ್ಟಿಸುವ ಮೂರನೇ ಸ್ಲಾಟಿನ ಕಾರ್ಡು ನಾಲ್ಕನೆಯದಕ್ಕೆ ಹೋಯಿತು. ಮರುದಿನ ತೂಕ ಬರಲಿಲ್ಲ. ಗೇಟಿನಾಚೆ ಲಾರಿಗಳ ಸಾಲು.

ಕಾರ್ಡು ಮಾರಿದ ಕಂಪನಿಯವರು ಫೋನಿನಲ್ಲೇ ತೀರ್ಪು ಕೊಟ್ಟರು: ತಿಳಿಯದವರು ಕೈಹಾಕಿ ಸುಟ್ಟಿದ್ದಾರೆ. ಮ್ಯಾನೇಜರು ಚಾಚಾರನ್ನು ಕುರ್ಚಿಯಿಂದ ಎಬ್ಬಿಸಿ, ಗೋದಾಮಿನಿಂದ ಒಬ್ಬನನ್ನು ತಂದು ಕೂರಿಸಿ, ನನಗೆ ಹೇಳಿಕಳಿಸಿದರು.

ನಾನು ಹೋದಾಗ ಚಾಚಾ ಕಾಟಾ ಕೋಣೆಯ ಬಾಗಿಲಲ್ಲೇ ನಿಂತಿದ್ದರು. "ಒರಸಿ ಹೊಳ್ಳಿ ಹಚ್ಚೀನ್ರಿ ಅಕ್ಕೋರ, ಅಷ್ಟೇ. ಖರೇ ಹೇಳ್ರಿ, ನಾನೇ ಕೆಡಸೀನೇನು?"

ಕಾರ್ಡು ಕೆಟ್ಟಿರಲೇ ಇಲ್ಲ. ಕಂಪ್ಯೂಟರಿನೊಳಗೆ ಕಾರ್ಡುಗಳನ್ನೆಲ್ಲ ಕೂಡಿಸುವ ದಾರಿಗೆ ಬಸ್ ಎನ್ನುತ್ತಾರೆ. ಯಾವ ಸ್ಲಾಟಿನಲ್ಲೇ ಇರಲಿ, ಕರ್ನಲ್ ಎಂಬ ಮೂಲ ತಂತ್ರಾಂಶ ಕೇಳಿದರೆ ಕಾರ್ಡು ತನ್ನನ್ನು ಮಾಡಿದವರ ಸಂಖ್ಯೆ, ತನ್ನ ಮಾದರಿಯ ಸಂಖ್ಯೆ ಎರಡನ್ನೂ ಹೇಳುತ್ತದೆ. ಕಾರ್ಡನ್ನು ನಡೆಸುವ ತಂತ್ರಾಂಶವೇ ಡ್ರೈವರ್; ಅದರಲ್ಲಿ ಆ ಎರಡು ಸಂಖ್ಯೆ ಬರೆದಿಟ್ಟರೆ ಸಾಕು, ಕರ್ನಲ್ ತಾನೇ ಹುಡುಕಿ ಹೊಂದಿಸಿಕೊಡುತ್ತದೆ. ಈ ಪುಣ್ಯಾತ್ಮ ಬರೆದದ್ದೇನು? ಮೂರನೇ ಸ್ಲಾಟಿನಲ್ಲಿರುವುದೇ ಕಾಟಾದ ಕಾರ್ಡು, ಅಂತ! ಮದುವೆ ಪಂಕ್ತಿಯಲ್ಲಿ ಮೂರನೇ ಎಲೆಗೆ ಕೂತವನೇ ಬೀಗ ಎಂದ ಹಾಗೆ. ಕಾರ್ಡು ಪಕ್ಕದಲ್ಲೇ ಇತ್ತು, ಕೇಳುವವರಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಇದೇ ಅಲ್ಲವೇ?

ಆ ಸಾಲು ಕಿತ್ತುಹಾಕಿ ಕಾರ್ಡಿನ ಸಂಖ್ಯೆಗಳನ್ನು ಬರೆದೆ. ಕಾರ್ಡನ್ನು ಬೇಕೆಂದೇ ನಾಲ್ಕನೇ ಸ್ಲಾಟಿನಲ್ಲೇ ಬಿಟ್ಟೆ. ತೂಕ ಬಂತು.

"ನಡೀತಲ್ರಿ ಅಕ್ಕೋರ, ಮುಗೀತು," ಎಂದರು ಮ್ಯಾನೇಜರು.

"ಮುಗಿದಿಲ್ರಿ. ಚಾಚಾಂದು ಏನೂ ತಪ್ಪಿಲ್ಲ. ಅವರನ್ನ ಹೊಳ್ಳಿ ಕುಂದರಸ್ರಿ."

"ಆ ಜಾಗಾದಾಗ ಈಗ ಬ್ಯಾರೆಯವ ಕುಂತಾನಲ್ರಿ. ಕೆಲಸ ನಡೀಲಿಕತ್ತದ, ಮತ್ತೇನು?"

ನಾನು ಜಗಳಕ್ಕೇ ನಿಂತೆ. ದನಿ ಏರಿತು, ಮೇಜು ಗುದ್ದಿದೆ. ಅವರು ಕಾಗದಗಳಿಂದ ಕಣ್ಣು ಕೀಳಲಿಲ್ಲ.

ಅಷ್ಟರಲ್ಲಿ ಮೊದಲ ಲಾರಿ ಕಾಟಾ ಹತ್ತಿತು. ಮ್ಯಾನೇಜರು ತಲೆ ಎತ್ತದೆ, ರೂಢಿಯಂತೆ ಕುರ್ಚಿಯ ಕಡೆ ಕೈ ಚಾಚಿದರು.

"ಚಾಚಾ, ಚೀಟಿ."

"ಹಾಂ ಸಾಬ್," ಎಂಬ ದನಿ ಬಾಗಿಲಿನಿಂದ ಬಂತು.

ಕುರ್ಚಿಯಲ್ಲಿದ್ದವನು ಚೀಟಿ ಕೊಟ್ಟ. ಮ್ಯಾನೇಜರು ಅದನ್ನು ಇಸಕೊಂಡು ಸಹಿ ಹಾಕಿದರು. ಬಾಗಿಲ ಕಡೆ ತಿರುಗಿ ನೋಡಲೂ ಇಲ್ಲ.