ಮೇಲಿನ ಸಾಲಿನ ಕುದುರೆಗಳು

"ಕಾಗದದಣ್ಣನಿಗೆ ನಮ್ಮ ಗುರುತು ಹತ್ತಬೇಕಾದ್ರೆ ನಾವೂ ಕಲ್ಲಾಗಿ ನಿಂತ್ಕೋಬೇಕು" ಎಂದು ಓಣಿಯವರು ನಗುತ್ತಿದ್ದರು. ಅದೇನೂ ಸುಳ್ಳಲ್ಲ. ಹಳೆಯ ಪಟ್ಟಣವನ್ನು ಅಗೆದು ತೆಗೆದ ಜಾಗದಲ್ಲಿ, ಉಬ್ಬುಚಿತ್ರಗಳ ಗೋಡೆಗೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಅಚ್ಚು ತೆಗೆಯುವುದು ಅವನ ಕೆಲಸ. ಮೂವತ್ತು ವರ್ಷ ಬಡಿದವನ ಬೆರಳಿಗೆ ಆ ಗೋಡೆಯಲ್ಲಿ ಎರಡು ಕಾಲದ ಕೈಗಳಿರುವುದು ಗೊತ್ತಿತ್ತು. ಕೆಳಗಿನ ಸಾಲಿನವರು ಕಲ್ಲನ್ನು ಅಂಜುತ್ತ ಮುಟ್ಟಿದವರು: ತೆಳು ಉಬ್ಬು, ಪಕ್ಕಕ್ಕೆ ತಿರುಗಿದ ಮುಖ, ಒಂದರ ಹಿಂದೊಂದು ನಡೆಯುವ ಎತ್ತುಗಳು. ಇನ್ನೂರು ವರ್ಷದ ಮೇಲೆ ಬಂದವರು ಮೇಲಿನ ಸಾಲಿನಲ್ಲಿ ಕೈಚಳಕ ಮೆರೆದಿದ್ದರು. ಆಳಕ್ಕೆ ಕೊರೆದು, ಕುದುರೆಗಳ ಕಾಲನ್ನೇ ಹಿಂದಿನ ಕಲ್ಲಿನಿಂದ ಬಿಡಿಸಿಟ್ಟಿದ್ದರು. ನೋಡಲು ಬಂದವರು ಬಾಯಿ ಬಿಟ್ಟು ನಿಲ್ಲುತ್ತಿದ್ದುದು ಆ ಕುದುರೆಗಳ ಮುಂದೆಯೇ.

ಈ ವರ್ಷದ ಅಚ್ಚಿನೊಳಗೆ ಹೋದ ವರ್ಷದ್ದನ್ನು ಕೂರಿಸಿದವನು ತೆಗೆದು ಮತ್ತೊಮ್ಮೆ ಕೂರಿಸಿ ನೋಡಿದ. ಎತ್ತುಗಳು ಕೂದಲೆಳೆಯಷ್ಟೂ ತಪ್ಪದೆ ಕೂತವು. ಕುದುರೆಗಳು ಮಾತ್ರ ಅರ್ಧ ಬೆರಳು ಪಕ್ಕಕ್ಕೆ ಜರುಗಿದ್ದವು. ಅವುಗಳ ಕೆಳಗೆ ದಿನವಿಡೀ ಕೂತು ಎತ್ತುಗಳ ಸಂದಿನ ಮಣ್ಣು ತೆಗೆಯುವವಳು ಅವನ ಮಗಳು.

ಅಗೆತದ ಸಾಹೇಬರು ಅಚ್ಚನ್ನು ತಿರುಗಿಸಿಯೂ ನೋಡಲಿಲ್ಲ. "ಒಣಗಿದ ಕಾಗದ ಕುಗ್ಗುತ್ತೆ ಕಣಯ್ಯ. ನಿನಗೆ ನಾನು ಹೇಳ್ಕೊಡಬೇಕಾ?"

"ಹಾಗಿದ್ರೆ ಎತ್ತೂ ಕುಗ್ಗಬೇಕಿತ್ತಲ್ಲ ಸಾರ್. ಅಷ್ಟು ಆಳ ಕೊರೆದಿದ್ದಾರೆ, ಹಿಡ್ಕೊಳ್ಳೋಕೆ ಹಿಂದೆ ಕಲ್ಲೇ ಉಳಿದಿಲ್ಲ."

"ಬುಧವಾರ ಮಂತ್ರಿಗಳು ಬಂದು ಕೆಲಸ ನೋಡ್ತಾರೆ. ಅದು ಮುಗೀಲಿ."

ಮಗಳೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಎರಡು ಸಾವಿರ ವರ್ಷ ನಿಂತಿದ್ದು ನನ್ನ ತಲೆ ಮೇಲೇ ಬೀಳುತ್ತಾ ಅಪ್ಪಾ? ನನಗೇನು ಅಷ್ಟೊಂದು ಮರ್ಯಾದೆ?"

"ಇಷ್ಟು ದಿನ ಗೋಡೆ ಹಿಂದಿನ ಮಣ್ಣಿನ ದಿಬ್ಬ ಅದನ್ನ ಹಿಡ್ಕೊಂಡಿತ್ತು ಕಣೇ. ಹೋದ ವರ್ಷ ಆ ದಿಬ್ಬ ಅಗೆದೋರು ನಾವೇ."

ಸೋಮವಾರ ಅವನು, ಕಲ್ಲು ಜರುಗಿದರೆ ಹರಿದು ತೋರಿಸಲಿ ಎಂದು, ಎರಡು ಸಾಲಿಗೂ ಸೇರಿಸಿ ಕಾಗದದ ಪಟ್ಟಿಯೊಂದನ್ನು ಅಂಟಿಸಿ ಬಂದ. ಮಂಗಳವಾರ ಸಂಜೆಗೆ ಅದು ನಡುವೆ ಹರಿದಿತ್ತು. ಸಾಹೇಬರು ಗಾಳಿ ಎಂದರು.

ಬುಧವಾರ ಬೆಳಿಗ್ಗೆ ಮಗಳು ಒಳಕೋಣೆಯಲ್ಲಿ ತಲೆ ಬಾಚುತ್ತಿದ್ದಾಗ ಅವನು ಅವಳ ಬ್ರಷ್ಷಿನ ಚೀಲವನ್ನು ಹೆಗಲಿಗೇರಿಸಿ, ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದ.

"ಅಪ್ಪಾ, ಇದೇನು ಮಾಡ್ತಿದ್ದೀಯಾ? ನಾನು ಹೋಗ್ದಿದ್ರೆ ನನ್ನ ಜಾಗಕ್ಕೆ ಬೇರೆ ಯಾರನ್ನೋ ಕೂರಿಸ್ತಾರೆ, ಅಷ್ಟೇ."

"ಗೊತ್ತಮ್ಮ. ಆ ಬೇರೆಯವಳಿಗೂ ಅಪ್ಪ ಇರ್ತಾನಲ್ಲ" ಎಂದ. "ಅಲ್ಲಿ ನಾನೇ ಕೂರ್ತೀನಿ."

ಬೀಗದ ಕೈಯನ್ನು ಪಕ್ಕದ ಮನೆಯಾಕೆಗೆ ಕೊಟ್ಟು, ಮಂತ್ರಿಗಳು ಬಂದು ಹೋಗುವ ಮಧ್ಯಾಹ್ನದವರೆಗೆ ತೆಗೆಯಬೇಡಿ ಎಂದು ಹೇಳಿ, ಬಾಗಿಲು ಬಡಿಯುವ ಸದ್ದಿಗೆ ತಿರುಗದೆ ನಡೆದ.