ಕೇಸರಿ ವೈರಿನ ಕಾರು

ನನ್ನ ಗಂಡ ಗಾಡಿ ರಿಪೇರಿಯ ಮಿಸ್ತ್ರಿ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಗ್ಯಾರೇಜು, ಅದರ ಬೆನ್ನಿಗೇ ಮನೆ. ಮದುವೆಯಾಗಿ ಬಂದಾಗಿನಿಂದ ಡೀಸೆಲ್ ವಾಸನೆಯಲ್ಲೇ ರೊಟ್ಟಿ ಬಡಿದಿದ್ದೇನೆ. ಜಾಕ್ ಜಾರಿದ್ದು, ರೇಡಿಯೇಟರಿನ ಬಿಸಿನೀರು ಸಿಡಿದದ್ದು, ಬೆರಳು ಜಜ್ಜಿದ್ದು ಎಲ್ಲ ನೋಡಿದವಳು ನಾನು. ಅರಿಸಿನ ಹಚ್ಚಿ, ನಾಲ್ಕು ಮಾತು ಬೈದು ಒಳಗೆ ಹೋಗುತ್ತಿದ್ದೆ. ಆದರೆ ಕರೆಂಟ್ ಎಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ನನ್ನ ತವರು ಗೋಗಿಯಲ್ಲಿ ಅಣ್ಣ ಹೊಲದ ಮೋಟರ್ ಚಾಲೂ ಮಾಡಲು ಹೋಗಿ, ಕರೆಂಟ್ ಹಿಡಿದು ಸ್ಟಾರ್ಟರ್ ಡಬ್ಬಿಯ ಮುಂದೆಯೇ ಜೀವ ಬಿಟ್ಟ. ಅವತ್ತಿನಿಂದ ಮಿಕ್ಸರಿನ ಪಿನ್ನನ್ನೂ ನಾನು ಬಟ್ಟೆ ಹಿಡಿದೇ ತೆಗೆಯುತ್ತೇನೆ. ನಗುವವರು ನಗಲಿ.

ಹೀಗಿರುವಾಗ ನಮ್ಮ ಬಾಗಿಲಿಗೆ ಪೆಟ್ರೋಲು, ಕರೆಂಟ್ ಎರಡರ ಮೇಲೂ ಓಡುವ ಒಂದು ಹೈಬ್ರಿಡ್ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಕಾರಿನ ಮಾಲೀಕರು ಸುರಪುರದ ಕಡೆಯ ಕುರಿ ವ್ಯಾಪಾರಿ, ಎಲ್ಲರಿಗೂ ಕಾಕಾ. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟ ಕಾರನ್ನು ಕೊಂಡು, ಸಂತೆಯಿಂದ ಸಂತೆಗೆ ಅದರಲ್ಲೇ ತಿರುಗುತ್ತಿದ್ದರು. ಬಾಗಿಲು ತೆಗೆದರೆ ಅತ್ತರಿನ ವಾಸನೆ, ಉಣ್ಣೆಯ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿಯುತ್ತಿದ್ದವು. ಬೋನಾಳದ ಹತ್ತಿರ ಕಾರು ಬಿಸಿಯಾದಾಗ ಯಾರದೋ ತೋಟದ ಬೋರ್ ನೀರು ತಂದು ಸುರಿದಿದ್ದಾರೆ. ಆ ಕಾರಿನ ಬಾನೆಟ್ ಒಳಗೆ ನೀರಿನ ಡಬ್ಬಿ ಎರಡು. ಒಂದು ಇಂಜಿನ್ನಿಗೆ, ಇನ್ನೊಂದು ಕರೆಂಟ್ ಪೆಟ್ಟಿಗೆಯನ್ನು ತಂಪಾಗಿಡಲು. ಕಾಕಾ ತುಂಬಿಸಿದ್ದು ಎರಡನೆಯದನ್ನು. ಇಂಜಿನ್ ನೀರಿಲ್ಲದೆ ಓಡಿ, ಬಿಳಿ ಹೊಗೆ ಕಾರಿ ನಿಂತಿತ್ತು.

ನನ್ನ ಗಂಡ ಆಯಿಲ್ ನೋಡುವ ಕಡ್ಡಿ ಎಳೆದರು. ಆಯಿಲ್ಲು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು.

"ಹೆಡ್ ಗ್ಯಾಸ್ಕೆಟ್ ಸುಟ್ಟಾದ ಕಾಕಾ," ಎಂದರು. ಇಂಜಿನ್ನಿನ ತಲೆಗೂ ಮೈಗೂ ನಡುವೆ ಹಾಸುವ ತೆಳು ತಗಡು ಅದು. ಅದು ಹೋದರೆ ನೀರು, ಆಯಿಲ್ಲು, ಬೆಂಕಿ ಮೂರೂ ಒಂದಾಗುತ್ತವೆ. ಅಲ್ಲಿಯವರೆಗೆ ನನಗೆ ಭಯವಿರಲಿಲ್ಲ. ಅಂಥ ತಗಡು ಅವರು ಎಷ್ಟೋ ಬದಲಿಸಿದ್ದಾರೆ. ಆಮೇಲೆ ಬಾನೆಟ್ ಒಳಗಿನ ದಪ್ಪ ಕೇಸರಿ ವೈರುಗಳನ್ನು ತೋರಿಸಿ, ಹೊಸ ಮೊಮ್ಮಗುವನ್ನು ತೋರಿಸುವವರ ಹಾಗೆ ಹಿಗ್ಗಿ ಹೇಳಿದರು:

"ನಮ್ಮ ಮನ್ಯಾಗಿನ ಕರೆಂಟಕಿಂತ ಜಾಸ್ತಿ ಕರೆಂಟ್ ಇದರಾಗ ಹರೀತದ ನೋಡು. ಮುಟ್ಟಿದ್ರ ಅಲ್ಲಿಗೆ ಮುಗೀತು."

"ವಾಪಸ್ ಕಳಸ್ರಿ ಇದನ್ನ," ಎಂದೆ.

"ಯಾರರೆ ಕಲೀಬೇಕಲ್ಲ?"

"ಕಲ್ಯಾಕ ಬ್ಯಾರೆಯವರ ಗಂಡಂದಿರು ಇಲ್ಲೇನು?"

ಕಾಕಾ ನಕ್ಕರು. ನನಗೆ ನಗು ಬರಲಿಲ್ಲ. ಗಂಡ ಆಗಲೇ ಮೊಬೈಲಿನಲ್ಲಿ ಹಿಂದಿ ವಿಡಿಯೋ ಹಚ್ಚಿಕೊಂಡು ಡಿಕ್ಕಿಯ ಕಡೆ ಹೊರಟಿದ್ದರು. ಡಿಕ್ಕಿಯ ಮೂಲೆಯಲ್ಲಿ, ದೊಡ್ಡ ಬ್ಯಾಟರಿಯ ಪಕ್ಕ, ಕೇಸರಿ ಹಿಡಿಕೆಯ ಒಂದು ಪ್ಲಗ್. ಲೈನ್‌ಮನ್ ಗೆಳೆಯನಿಂದ ತಂದ ರಬ್ಬರ್ ಕೈಗವಸು ತೊಟ್ಟು ಅದನ್ನು ಎಳೆದು ತೆಗೆದರು. ಅದು ಹೊರಗಿದ್ದರೆ ಬ್ಯಾಟರಿಯ ಕರೆಂಟ್ ಮುಂದೆ ಹೋಗುವುದಿಲ್ಲವಂತೆ. ಕೆಲಸ ಮಾಡುವವನು ಅದನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಇನ್ನೊಬ್ಬರ ಕೈಗೆ ಸಿಗಬಾರದು, ಇದು ಆ ಕೆಲಸದ ಕಾಯಿದೆ. ನನ್ನ ಗಂಡ ಅದನ್ನು ನನ್ನ ಕೈಯಲ್ಲಿಟ್ಟರು.

"ಇದು ನಿನ್ನ ಹತ್ರ ಇರೋತನ ನನಗೇನೂ ಆಗಂಗಿಲ್ಲ. ಫಿಕರ್ ಮಾಡಬ್ಯಾಡ."

ನನ್ನ ಸಮಾಧಾನಕ್ಕೆ ಕೊಟ್ಟರೆಂದು ನನಗೂ ತಿಳಿಯಿತು. ಆದರೆ ಸಮಾಧಾನ ಆಗಲಿಲ್ಲ. ಗಂಡನ ಜೀವವನ್ನು ಅಂಗೈಯಲ್ಲಿಟ್ಟುಕೊಂಡು ಯಾವ ಹೆಂಗಸು ನೆಮ್ಮದಿಯಿಂದ ಹಿಟ್ಟು ನಾದುತ್ತಾಳೆ? ಮನೆಯಲ್ಲಿ ಯಾರೂ ಕೈಹಾಕದ ಜಾಗವೆಂದರೆ ದೇವರ ಜಗುಲಿ. ಅಲ್ಲಿ ಫೋಟೋದ ಹಿಂದೆ ಇಟ್ಟೆ. ದೀಪ ಹಚ್ಚಲು ಹೋದಾಗ ದೇವರಿಗಿಂತ ಮೊದಲು ಅದನ್ನೇ ನೋಡುತ್ತಿದ್ದೆ.

ಕೆಲಸ ದಿನಗಟ್ಟಲೆ ಹಿಡಿಯಿತು. ಇಂಜಿನ್ನಿನ ತಲೆ ಬಿಸಿಗೆ ಬಾಗಿತ್ತು. ಅದನ್ನು ಸಪಾಟು ಮಾಡಿಸಲು ಕಲಬುರಗಿಗೆ ಕಳಿಸಿದರು. ಪಿಸ್ಟನ್ನಿನ ರಿಂಗು, ಹೊಸ ಗ್ಯಾಸ್ಕೆಟ್ ಹೈದರಾಬಾದಿನಿಂದ ಬಂದವು. ತಲೆಯನ್ನು ಮತ್ತೆ ಕೂರಿಸಿ, ಎಷ್ಟು ಬಿಗಿಯಾಯಿತೆಂದು ತೋರಿಸುವ ಪಾನಾದಿಂದ ಒಂದೊಂದೇ ಬೋಲ್ಟ್ ತಿರುಗಿಸಿದರು. ಮೊದಮೊದಲು ರಬ್ಬರ್ ಕೈಗವಸು ತೊಡುತ್ತಿದ್ದರು. ಅದನ್ನು ತೊಟ್ಟು ಸಣ್ಣ ನಟ್ ಹಿಡಿಯಲು ಬರುವುದಿಲ್ಲವೆಂದು ಒಂದು ದಿನ ಬಿಚ್ಚಿ ಎಸೆದರು. ಪಾನಾ ಕೆಳಗೆ ಬಿದ್ದ ಸದ್ದಾದರೂ ನಾನು ಅಡುಗೆಮನೆಯಿಂದ ಓಡಿ ಬಂದು ನೋಡುತ್ತಿದ್ದೆ. ಸಿಟ್ಟಿಗೆ ಅವರ ಮೊಬೈಲ್ ಬಚ್ಚಿಟ್ಟದ್ದೂ ಉಂಟು. ವಿಡಿಯೋ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದೆ. ನೋಡದೆಯೇ ಮಾಡತೊಡಗಿದಾಗ ಹೆದರಿ ನಾನೇ ತಂದುಕೊಟ್ಟೆ.

ಅಮಾವಾಸ್ಯೆ ಬಂತು. ಅವತ್ತು ನಮ್ಮಲ್ಲಿ ಗಾಡಿಗಳಿಗೆ, ಪಾನಾ ಸುತ್ತಿಗೆಗಳಿಗೆ ಪೂಜೆ. ಅದರ ತಯಾರಿಯೆಲ್ಲ ನನ್ನ ಅತ್ತೆಯದು. ಕಾಯಿ, ಲಿಂಬೆಹಣ್ಣು ಹಿಡಿದು ಕಾಕಾ ಬೆಳಿಗ್ಗೆಯೇ ಬಂದರು. ಕೇಸರಿ ವೈರುಗಳ ಕರೆಂಟ್ ಪೆಟ್ಟಿಗೆಯನ್ನು ಕೂರಿಸುವ ಕೆಲಸ ಅರ್ಧವಾಗಿತ್ತು. ಅದೊಂದು ಮುಗಿಸಿ ಪೂಜೆಗೆ ಬರುತ್ತೇನೆಂದು ಗಂಡ ಬಾನೆಟ್ ಒಳಗೆ ಬಗ್ಗಿದ್ದರು. ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಚಹಾ ಕೊಡಲು ಹೊರಗೆ ಹೊರಟವಳು ಜಗುಲಿಯ ಕಡೆ ಕಣ್ಣು ಹಾಯಿಸಿದೆ. ಫೋಟೋದ ಹಿಂದೆ ಏನೂ ಇರಲಿಲ್ಲ.

"ಅತ್ತೀ, ಇಲ್ಲಿ ಕೇಸರಿ ಹಿಡಿಕಿದೊಂದು ಇತ್ತಲ್ಲ?"

"ಜಗುಲಿ ಒರಸುವಾಗ ಸಿಕ್ತವ್ವ. ಅದೂ ಗ್ಯಾರೇಜಿಂದ ಅಲ್ಲೇನು? ಕುಂಕುಮ ಹಚ್ಚಿ ಪಾನಾಗಳ ಸಂಗಟ ತಾಟಿನ್ಯಾಗ ಇಟ್ಟೀನಿ."

ತಾಟು ಕಾರಿನ ಮುಂದೆ ಇತ್ತು. ಪಾನಾ, ಸುತ್ತಿಗೆ, ಸ್ಕ್ರೂಡ್ರೈವರ್ ಎಲ್ಲ ಇದ್ದವು. ಪ್ಲಗ್ ಇರಲಿಲ್ಲ. ಡಿಕ್ಕಿ ತೆರೆದಿತ್ತು. ಕಾಕಾ ಕೈ ಒರೆಸಿಕೊಳ್ಳುತ್ತ ಹಿಂದಿನಿಂದ ಬಂದರು.

"ತಂಗಿ, ಆ ಹಿಡಿಕಿ ಹೊರಗ ಬಿದ್ದಿತ್ತು, ಅದರ ಜಾಗಾದಾಗ ಕುಂದ್ರಿಸೀನಿ. ಕಿವಿ ಹರಿದ ಟಗರು ದೇವರಿಗಿ ನಡ್ಯಾಂಗಿಲ್ಲ. ಗಾಡೀನೂ ಹಂಗೇ, ಪೂಜಾಕ್ಕ ಮೈ ಪೂರಾ ಇರಬೇಕು."

ಜೀವನವಿಡೀ ಟಗರಿನ ಕಿವಿ, ಕೊಂಬು, ಹಲ್ಲು ನೋಡಿದ ಮನುಷ್ಯ. ಕಾರನ್ನೂ ಹಾಗೆಯೇ ಸುತ್ತು ಹಾಕಿ ನೋಡಿದ್ದಾರೆ.

ನನ್ನ ಗಂಡನ ಎರಡೂ ಬರಿಗೈ ಕೇಸರಿ ವೈರುಗಳ ನಡುವೆ ಇದ್ದವು. ಚೀರಬೇಕೆಂದು ಬಾಯಿ ತೆರೆದೆ, ಮುಚ್ಚಿಕೊಂಡೆ. ಚೀರಿದರೆ ಬೆಚ್ಚುತ್ತಾರೆ. ಬೆಚ್ಚಿದರೆ ಕೈ ಎಲ್ಲಿ ತಗಲುತ್ತದೋ. ಕಾಕಾ ಮತ್ತೇನೋ ಹೇಳಲು ಹೊರಟಾಗ ಸುಮ್ಮನಿರಿ ಎಂದು ಕೈ ತೋರಿಸಿದೆ.  ಮೆಲ್ಲಗೆ ಕಾರಿನ ಹತ್ತಿರ ಹೋದೆ.

"ರೀ, ಕೈ ತಕ್ಕೊಂಡು ಬರ್ರಿ. ಚಾ ತಂದೀನಿ."

"ತಡಿ, ಒಂದ ಬೋಲ್ಟ್ ಉಳದಾದ."

"ಆಮ್ಯಾಲ ಮಾಡ್ರಿ."

"ಒಂದ ಅಂದ್ನಲ್ಲ?" ಅವರ ಮೊಣಕೈ ಇನ್ನೂ ಒಳಗೆ ಸರಿಯಿತು.

ಇನ್ನೇನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ. "ನನಗ್ಯಾಕೋ ತಲಿ ತಿರುಗಾಕತ್ತದರಿ."

ಕೂಡಲೇ ಎರಡೂ ಕೈ ಹೊರಗೆ ಬಂದವು. ನನ್ನನ್ನು ಹಿಡಿದುಕೊಳ್ಳಲು ಬಂದರು. ನಾನು ಅಲ್ಲೇ ಆಯಿಲ್ಲು ಬಿದ್ದ ನೆಲದ ಮೇಲೆ ಕುಸಿದು ಕೂತು, ಡಿಕ್ಕಿಯ ಕಡೆ ಬೆರಳು ಮಾಡಿದೆ.

ಹೋಗಿ ನೋಡಿ ಪ್ಲಗ್ ಕಿತ್ತುಕೊಂಡು ಬಂದರು. ಮುಖ ಬಿಳಿಚಿಕೊಂಡಿತ್ತು. "ಸಣ್ಣ ಬ್ಯಾಟರಿ ವೈರೂ ಬಿಚ್ಚೀನಿ. ಅದು ಇಲ್ಲಂದ್ರ ದೊಡ್ಡ ಬ್ಯಾಟರಿ ಕರೆಂಟ್ ಮುಂದ ಬರಂಗಿಲ್ಲ. ಏನೂ ಆಗ್ತಿರಲಿಲ್ಲ," ಎಂದರು. ಪ್ಲಗ್ಗನ್ನು ತಮ್ಮ ಜೇಬಿಗೆ ಹಾಕಿಕೊಂಡು, "ಆಗ್ತಿರಲಿಲ್ಲ ಅನಸ್ತದ," ಎಂದರು.  

ಕಾಕಾ ಹಳೆಯ ಟೈರಿನ ಮೇಲೆ ಕೂತು ಕೈಮುಗಿದರು. "ಗೊತ್ತಿಲ್ಲದ ಆತು ತಂಗಿ."

"ಟಗರು ಹೋದ್ರ ಸಂತ್ಯಾಗ ಇನ್ನೊಂದು ಸಿಗ್ತದ," ಎಂದೆ. "ಇವರು ಹೋದ್ರ ನಾ ಯಾವ ಸಂತಿಗಿ ಹೋಗ್ಲಿ ಕಾಕಾ?"

 ಅತ್ತೆ ಒಳಗೆ ಹೋಗಿ ಅಳುತ್ತಿದ್ದರು. ಹೋಳಿಗೆ ಹಂಚಿನ ಮೇಲೆ ಸೀದು ಕರ್ರಗಾಗಿತ್ತು.

ಇಂಜಿನ್ ಚಾಲೂ ಮಾಡಿದ್ದು ಮರುದಿನ ಮಧ್ಯಾಹ್ನ. ಎಲ್ಲ ಜೋಡಿಸಿ, ಪ್ಲಗ್ಗನ್ನು ತಾವೇ ಕೂರಿಸಿ, ನನ್ನನ್ನು ದೂರ ನಿಲ್ಲಿಸಿ ಕಾರಿನಲ್ಲಿ ಕೂತರು. ಗುಂಡಿ ಒತ್ತಿದ್ದು ಕಿಟಕಿಯಿಂದ ಕಾಣಿಸಿತು. ಸದ್ದಿಲ್ಲ. ನಮ್ಮ ಅಂಗಳದಲ್ಲಿ ಚಾಲೂ ಆಗುವ ಟ್ರ್ಯಾಕ್ಟರು ಓಣಿಗೆಲ್ಲ ಕೇಳುತ್ತದೆ. ಇಲ್ಲಿ ಕಾರಿನದೂ ಉಸಿರಿಲ್ಲ, ಅವರದೂ ಇಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ ಬಿಗಿದಿವೆ, ಬಾಯಿ ಅರ್ಧ ತೆರೆದಿದೆ, ಕಣ್ಣು ಮಿಟುಕುತ್ತಿಲ್ಲ.

"ರೀ," ಎಂದೆ. ಮಾತಿಲ್ಲ. "ರೀ!"

ಕರೆಂಟ್ ಹಿಡಿದವರನ್ನು ಮುಟ್ಟಬಾರದೆಂದು ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತು. ನಾನು ಓಡಿಹೋಗಿ ಬಾಗಿಲು ಎಳೆದು, ಎರಡೂ ಕೈಯಿಂದ ಅವರ ರಟ್ಟೆ ಹಿಡಿದೆ.

"ಏ, ಏನಾತು? ಈ ಗಾಡಿ ಮೊದಲ ಬ್ಯಾಟರಿ ಮ್ಯಾಲ ಸದ್ದಿಲ್ಲದ ಚಾಲೂ ಆಗ್ತದ, ಇಂಜಿನ್ ತಾನೇ ಹತ್ತೋದು ಕಾಯಾಕತ್ತೀನಿ," ಎಂದರು. ಹೇಳುತ್ತಿದ್ದಂತೆ ಕಾರು ಒಮ್ಮೆ ನಡುಗಿತು. ಇಂಜಿನ್ ಸಣ್ಣಗೆ ಓಡತೊಡಗಿತು. ಹೊಗೆ ಇರಲಿಲ್ಲ.

ಆಗ ಅವರಿಗೆ ನನ್ನ ಮುಖ ಕಂಡಿತು. "ನನಗ ಕರೆಂಟ್ ಹಿಡದದ ಅಂತ ತಿಳಕೊಂಡಿದ್ದಿ?"

ತಲೆಯಾಡಿಸಿದೆ.

"ಹುಚ್ಚಿ, ಮತ್ತ ಯಾಕ ಮುಟ್ಟಿದಿ?" ಎಂದು ಜೋರಾಗಿ ಬೈದರು. ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

ಹಿಡಿದ ರಟ್ಟೆಯನ್ನು ನಾನು ಬಿಡಲಿಲ್ಲ. ದಿನಗಟ್ಟಲೆ ದುಡಿದು ಎಬ್ಬಿಸಿದ ಇಂಜಿನ್ ಎದುರಿಗೆ ಓಡುತ್ತಿತ್ತು. ಅವರು ಅದರ ಕಡೆ ಕಿವಿ ಕೊಡದೆ ನನ್ನ ಕೈಯನ್ನೇ ನೋಡುತ್ತಿದ್ದರು.